ಬುದ್ಧನ ಅಂಗಾಲು ಮತ್ತು ನನ್ನ ಬ್ಯಾಂಕಾಕ್ ಸಲಹೆಗಳು

ಸಿರುಗುಪ್ಪದ ನನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ಬ್ಯಾಂಕಾಕಿನ ಬಗ್ಗೆ ಸಲಹೆ ಕೇಳಿಕೊಂಡು ಹೋದವರು ಸುತ್ತಲಿನ ಊರುಗಳಲ್ಲಿ ಬಹಳ ಜನ ಇದ್ದಾರೆ. ತೆಕ್ಕಲಕೋಟೆಯಲ್ಲಿದ್ದಾರೆ, ಮೋಕದಲ್ಲಿದ್ದಾರೆ, ಸಿರಿಗೇರಿಯಲ್ಲಂತೂ ಒಂದೇ ಓಣಿಯಲ್ಲಿ ಮೂರು ಮನೆಯವರಿದ್ದಾರೆ. ಅವರಿಗೆಲ್ಲ ಮೊದಲು ಒಂದು ಮಾತು ಹೇಳಿಬಿಡಬೇಕು. ಆರು ವರ್ಷ ನಾನು ಹೇಳಿದ್ದರಲ್ಲಿ ನಾನೇ ಕಣ್ಣಾರೆ ಕಂಡ ಸಂಗತಿಗಳು ಎರಡೇ. ಒಂದು, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದೆ ಇರುತ್ತದೆ. ಎರಡು, ಅಲ್ಲಿಯೂ ಗಾಡಿಗಳು ನಮ್ಮ ಹಾಗೆ ರಸ್ತೆಯ ಎಡಕ್ಕೇ ಹೋಗುತ್ತವೆ. ಮೊದಲನೆಯದನ್ನು ಹೋಟೆಲಿನ ಗೋಡೆಯ ಮೇಲೆ ನೋಡಿದ್ದೆ. ಎರಡನೆಯದನ್ನು ಹದಿನೇಳನೇ ಮಹಡಿಯ ಕಿಟಕಿಯಿಂದ ನೋಡಿದ್ದೆ. ಉಳಿದದ್ದೆಲ್ಲ ನನ್ನ ತಲೆಯಲ್ಲಿ ಹುಟ್ಟಿದ್ದು.

ನಾನು ಓದಿದ್ದು ಏಳನೇ ಕ್ಲಾಸಿನ ತನಕ. ಬರೆಯುವುದು ನನಗೆ ಸಲೀಸಾದ ಕೆಲಸವಲ್ಲ. ಆದರೂ ಇದನ್ನು ಬರೆಯಬೇಕು ಅಂತ ನಮ್ಮಕ್ಕ ಶಿಕ್ಷೆ ಹಾಕಿದ್ದಾಳೆ.

ನಮ್ಮ ಧಂದೆಯಲ್ಲಿ ಒಂದು ಪದ್ಧತಿ ಇದೆ. ಬೆಳೆಗೆ ಹೊಡೆಯುವ ಔಷಧಿಗೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆ. ಆ ಎಣ್ಣೆಯ ಕಂಪನಿಯವರು, ಒಂದು ಹಂಗಾಮಿನಲ್ಲಿ ತಮ್ಮ ಮಾಲನ್ನು ಹೆಚ್ಚು ಮಾರಿದ ಅಂಗಡಿಯವರನ್ನೆಲ್ಲ ಒಟ್ಟುಮಾಡಿ ಪರದೇಶ ತೋರಿಸಿಕೊಂಡು ಬರುತ್ತಾರೆ. ಒಂದು ವರ್ಷ ನನ್ನ ಸರದಿ ಬಂತು. ನಾಲ್ಕು ದಿನ ಬ್ಯಾಂಕಾಕ್. ಅಂಗಡಿಗೆ ಬಂದವರಿಗೆಲ್ಲ ಪಾಸ್‌ಪೋರ್ಟ್ ತೋರಿಸಿದೆ. ಎಣ್ಣೆ ಡಬ್ಬಿ ಕೇಳಿದವರಿಗೂ ಪಾಸ್‌ಪೋರ್ಟೇ ಮೊದಲು.

ಹೋಗುವ ಹಿಂದಿನ ದಿನ ಅಕ್ಕ ಕುರುಗೋಡಿನಿಂದ ಬಸ್ಸು ಹತ್ತಿ ಬಂದಳು. ಅವಳು ಅಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮಪ್ಪನ ಕಾಲದಲ್ಲಿ ನಮ್ಮ ಮನೆಯವರು ಬುದ್ಧನ ಹಾದಿ ಹಿಡಿದರು. ಮನೆಯಲ್ಲಿ ಆಗ ಬಂದ ಒಂದು ಹಳೆಯ ಕ್ಯಾಲೆಂಡರು ಈಗ ಅಕ್ಕನ ಗೋಡೆಯ ಮೇಲಿದೆ. ಬ್ಯಾಂಕಾಕಿನ ಮಲಗಿದ ಬುದ್ಧನ ಚಿತ್ರ ಅದು. ಬಂಗಾರದ ಮುಖ, ತಲೆಗೆ ಆನಿಸಿದ ಕೈ, ಮೊಣಕಾಲಿನ ತನಕ ಮೈ. ಅಷ್ಟಕ್ಕೆ ಹಾಳೆ ಮುಗಿದುಹೋಗುತ್ತದೆ. ಪಾದ ಚಿತ್ರದಲ್ಲಿ ಹಿಡಿಸಿಲ್ಲ. ಸಣ್ಣವಳಿದ್ದಾಗಿನಿಂದ ಅಕ್ಕನಿಗೆ ಅದೊಂದು ಕೊರಗು.

"ಲೇ ತಮ್ಮಾ, ನನಗ ಅಲ್ಲಿಂದ ಏನೂ ತರಬ್ಯಾಡ," ಅಂದಳು. "ಸೆಂಟು ಬ್ಯಾಡ, ಸೀರಿ ಬ್ಯಾಡ. ಅವನ ಪಾದ ನೋಡ್ಕೊಂಡು ಬಾ. ಹೆಂಗದಾವ ಅಂತ ಬಂದು ನನಗ ಹೇಳು. ಅಷ್ಟು ಸಾಕು."

"ಅಷ್ಟೇ ಏನಕ್ಕಾ? ಮುಟ್ಟೇ ಬರ್ತೀನಿ," ಅಂದೆ.

ಬ್ಯಾಂಕಾಕಿನಲ್ಲಿ ಮೊದಲ ದಿನ ಬೆಳಿಗ್ಗೆ, ಉಳಿದವರು ಏಳುವ ಮೊದಲೇ ಎದ್ದು ಚಹಾ ಕುಡಿಯಲು ಕೆಳಗೆ ಇಳಿದೆ. ರಸ್ತೆಯ ಆ ಕಡೆ ಒಂದು ತಳ್ಳುಗಾಡಿಯಿಂದ ಹಬೆ ಏಳುತ್ತಿತ್ತು. ನಡುವೆ ರಸ್ತೆ. ಸಿರುಗುಪ್ಪದ ಬಸ್ ಸ್ಟ್ಯಾಂಡಿನ ಮುಂದೆ ಬುಲೆಟ್ಟನ್ನು ಒಂದೇ ಕೈಯಲ್ಲಿ ತಿರುಗಿಸುವವನು ನಾನು. ಅಂಥವನು ಆ ರಸ್ತೆಯ ದಂಡೆಯಲ್ಲಿ ಒಂದು ತಾಸು ನಿಂತೆ. ಗಾಡಿಗಳ ಸಾಲಿಗೆ ಕೊನೆ ಇರಲಿಲ್ಲ. ತಲೆಯ ಮೇಲೆ ರೈಲು ಓಡುತ್ತಿತ್ತು. ಬೋರ್ಡುಗಳನ್ನು ನೋಡಿದೆ. ಕನ್ನಡ ಓದುತ್ತೇನೆ, ನಿಧಾನಕ್ಕೆ. ತೆಲುಗು ಬೋರ್ಡು ಓದುತ್ತೇನೆ. ಇಂಗ್ಲಿಷಿನಲ್ಲಿ ಎಣ್ಣೆ ಡಬ್ಬಿಯ ಹೆಸರಷ್ಟು ಗುರುತು ಹಿಡಿಯುತ್ತೇನೆ. ಅಲ್ಲಿಯ ಅಕ್ಷರಗಳು ದುಂಡಗೆ ನಮ್ಮ ಅಕ್ಷರಗಳ ಹಾಗೇ ಇದ್ದವು, ಆದರೆ ಒಂದೂ ನನ್ನ ಜೊತೆ ಮಾತಾಡಲಿಲ್ಲ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಹಲಗೆಯ ಮುಂದೆ ನಿಲ್ಲಿಸಿದಾಗ ಮನೆಗೆ ಓಡಿಹೋಗಿದ್ದವನು ನಾನು. ತಿರುಗಿ ಲಿಫ್ಟು ಹತ್ತಿದೆ.

ಹೊಟ್ಟೆ ಕೆಟ್ಟಿದೆ ಅಂತ ಉಳಿದವರಿಗೆ ಹೇಳಿದೆ. ಅವರು ದೋಣಿ ಹತ್ತಿದರು, ದೇವಸ್ಥಾನ ನೋಡಿದರು, ಬಜಾರ ಸುತ್ತಿದರು. ನಾನು ಮೂರು ದಿನ ಹದಿನೇಳನೇ ಮಹಡಿಯಲ್ಲಿ ಕಿಟಕಿಗೆ ಹಣೆ ಹಚ್ಚಿಕೊಂಡು, ಹೆಂಡತಿ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತಿಂದೆ. ಹೊಟ್ಟೆ ಕೆಟ್ಟವನು ಅಷ್ಟು ರೊಟ್ಟಿ ತಿನ್ನುವುದನ್ನು ಕಂಡು ನನ್ನ ರೂಮಿನ ಜೊತೆಗಾರನಿಗೆ ಆಶ್ಚರ್ಯ.

ಊರಿಗೆ ಬಂದಾಗ ಅಕ್ಕ ನನಗಿಂತ ಮೊದಲೇ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ನೀರು ಕುಡಿಯಲೂ ಬಿಡಲಿಲ್ಲ.

"ನೋಡಿದೇನಲೇ? ಹೆಂಗದಾವ?"

ನೋಡಲಿಲ್ಲ ಅನ್ನುವುದು ಒಂದೇ ಮಾತು. ಬಾಯಿಗೆ ಬರಲಿಲ್ಲ. ಅವಳ ಮುಖದಲ್ಲಿ ಅಷ್ಟು ಆಸೆ ಇತ್ತು. ನಮ್ಮವ್ವ ಭತ್ತದ ಗದ್ದೆಗಳಲ್ಲಿ ನಾಟಿ ಹಚ್ಚಿ ಜೀವ ತೇಯ್ದವಳು. ಅವಳ ಕಾಲು ಕಣ್ಣ ಮುಂದೆ ಬಂದವು.

"ಒಡದಾವಕ್ಕಾ," ಅಂದೆ. "ಅಂಗಾಲು ಒಡದಾವ. ನಮ್ಮವ್ವನ ಕಾಲು ಇದ್ವಲ್ಲಾ, ಹಂಗ."

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕಳು. "ಮತ್ತ? ಊರೂರು ನಡದಾನಪ್ಪಾ ಅವ. ಒಡೀದಂಗ ಇರ್ತಾವೇನು?"

ಆ ಸುಳ್ಳು ಅವಳ ಬಾಯಿಂದ ಹೊರಟು ಕುರುಗೋಡು ತುಂಬ ತಿರುಗಾಡಿತು. ಅಂಗನವಾಡಿಯ ಮಕ್ಕಳಿಗೆ ವರ್ಷಾ ವರ್ಷಾ ಅವಳು ಅದನ್ನೇ ಹೇಳಿದಳು. ಬುದ್ಧನ ಕಾಲೂ ನಿಮ್ಮವ್ವನ ಕಾಲಿನಂಗ ಒಡದಾವ, ನಮ್ಮ ತಮ್ಮ ಕಣ್ಣಿಲೆ ನೋಡಿ ಬಂದಾನ, ಅಂತ. ಕಳೆ ಕಿತ್ತು ಬಂದು ಮಗುವನ್ನು ಕರೆದೊಯ್ಯುವ ತಾಯಂದಿರು ಅದನ್ನು ಕೇಳಿ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರಂತೆ. ಅಕ್ಕ ಇದನ್ನು ಖುಷಿಯಿಂದ ಹೇಳಿದಾಗಲೆಲ್ಲ ನಾನು ಮಳೆ-ಬೆಳೆಯ ಮಾತು ತೆಗೆಯುತ್ತಿದ್ದೆ.

ಅಂಗಡಿಯಲ್ಲಿ ಮಾತ್ರ ನಾನು ದೊಡ್ಡ ಮನುಷ್ಯನಾದೆ. ಕಂಪನಿಯವರು ಕೊಟ್ಟ ಫೋಟೋ ಒಂದನ್ನು ಕಟ್ಟು ಹಾಕಿಸಿ ಗಲ್ಲೆಯ ಹಿಂದೆ ತೂಗು ಹಾಕಿದ್ದೆ. ಚಿನ್ನದ ಗೋಪುರದ ಮುಂದೆ ನಲವತ್ತು ಜನ ಅಂಗಡಿಯವರು.

"ಇದರಾಗ ನೀನೆಲ್ಲಿ ಅದಿಯಣ್ಣಾ?" ಅಂತ ಯಾರಾದರೂ ಕೇಳುವರು.

"ಫೋಟೋ ತೆಗದವನಾ ನಾನು," ಅನ್ನುತ್ತಿದ್ದೆ.

ಹೊರಗೆ ಹೋಗಲು ನನಗಿದ್ದ ಭಯವನ್ನೇ ಸಲಹೆ ಮಾಡಿ ಹಂಚಿದೆ. ಒಬ್ಬರೇ ಹೋಟೆಲ್ಲಿನಿಂದ ಹೆಜ್ಜೆ ಹೊರಗಿಡಬೇಡಿ. ಅಲ್ಲಿಯ ಊಟ ನಮಗೆ ಆಗುವುದಿಲ್ಲ, ರೊಟ್ಟಿ ಒಯ್ಯಿರಿ. ದಾರಿ ತಪ್ಪಿದರೆ ಕಾಲುವೆಯ ದಂಡೆ ಹಿಡಿದು ನಡೆಯಿರಿ. ಈ ಕೊನೆಯದನ್ನು ನಮ್ಮ ಕಡೆಯವನಲ್ಲದೆ ಬೇರೆ ಯಾವನೂ ಹೇಳಲಾರ. ನಮ್ಮಲ್ಲಿ ಕಾಲುವೆ ಹಿಡಿದು ನಡೆದರೆ ಯಾವುದಾದರೂ ಊರು ಸಿಕ್ಕೇ ಸಿಗುತ್ತದೆ. ಅಲ್ಲಿ ಊರಿನ ಒಳಗೇ ಹತ್ತಾರು ಕಾಲುವೆಗಳು ಒಂದನ್ನೊಂದು ದಾಟಿಕೊಂಡು ಹೋಗುತ್ತವೆ ಎಂದು ನನಗೇನು ಗೊತ್ತು! ತೆಕ್ಕಲಕೋಟೆಯ ಹೊಸ ಮದುಮಕ್ಕಳು ನನ್ನ ಮಾತು ನಂಬಿ ಐದು ದಿನ ಹೋಟೆಲಿನಲ್ಲೇ ರೊಟ್ಟಿ ತಿಂದು ಬಂದರು. ಬಂದು ನನಗೆ ಸಿಹಿ ಕೊಟ್ಟು ಹೋದರು. "ನೀವು ಹೇಳಿದ್ದಕ್ಕ ಏನೂ ತ್ರಾಸ ಆಗಲಿಲ್ರೀ," ಅಂದ ಮದುಮಗ. ಹೊರಗೆ ಹೋಗದವರಿಗೆ ಏನು ತ್ರಾಸ?

ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಅಕ್ಕ ಮತ್ತೆ ಬಸ್ಸಿಳಿದು ಅಂಗಡಿಗೆ ಬಂದಳು. ಜೊತೆಗೆ ಅವಳ ಪಕ್ಕದ ಮನೆಯ ಚಿಗವ್ವ. ಈ ಚಿಗವ್ವ ಕುರುಗೋಡಿನಲ್ಲಿ ಒಗ್ಗಾಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಮತ್ತು ಮಿರ್ಚಿಯ ಅಂಗಡಿ ನಡೆಸುತ್ತಾಳೆ. ನಮಗೆ ಸಂಬಂಧಿಯಲ್ಲ, ಆದರೆ ಊರಿಗೇ ಚಿಗವ್ವ.

"ಮೇ ತಿಂಗಳದಾಗ ನನಗ ರಜಾ ಐತಿ," ಅಂದಳು ಅಕ್ಕ. "ನಾವಿಬ್ರೂ ಬ್ಯಾಂಕಾಕಿಗೆ ಹೋಗೋದು ಅಂತ ಮಾಡೀವಿ. ನೀ ಕರ್ಕೊಂಡು ಹೋಗು. ಆ ಪಾದ ನಾನೂ ಒಮ್ಮಿ ನೋಡಬೇಕು."

ನನ್ನ ಕೈಯಲ್ಲಿದ್ದ ಬೀಜದ ಪಾಕೀಟು ಕೆಳಗೆ ಬಿತ್ತು. "ಮೇ ತಿಂಗಳದಾಗ ಅಲ್ಲಿ ಭಾಳ ಬಿಸಲಕ್ಕಾ," ಅಂದೆ.

"ಬಳ್ಳಾರಿಯವರಿಗೆ ಬಿಸಲಿನ ಹೆದರಿಕಿ ಹೇಳ್ತೀಯಾ?" ಅಂತ ಚಿಗವ್ವ ನಕ್ಕಳು. "ಇಪ್ಪತ್ತು ವರ್ಷ ಎಣ್ಣಿ ಬಾಣಲಿ ಮುಂದ ಕುಂತೀನಿ ನಾನು. ನನಗ ಬಿಸಲು ಹೆದರ್ತೈತಿ."

ಹೇಳಿಬಿಡಬೇಕು ಎಂದು ಮೂರು ಸಲ ಮನಸ್ಸು ಮಾಡಿದೆ. ಮೂರನೆಯ ಸಲ ಬಳ್ಳಾರಿಯಲ್ಲಿ. ಬೆಂಗಳೂರು ರೋಡಿನಲ್ಲಿ ಗಾಲಿ ಇರುವ ಬ್ಯಾಗು ಕೊಳ್ಳಲು ಹೋಗಿದ್ದೆವು. ಅಕ್ಕ ಬ್ಯಾಗನ್ನು ಅಂಗಡಿಯ ತುಂಬ ಎಳೆದಾಡಿ ಪರೀಕ್ಷೆ ಮಾಡುತ್ತಿದ್ದಳು. "ಅಕ್ಕಾ, ಒಂದು ಮಾತು ಐತಿ," ಅಂದೆ. ಅಷ್ಟರಲ್ಲಿ ಅವಳು ಅಂಗಡಿಯವನಿಗೆ, "ಇವ ನನ್ನ ತಮ್ಮ. ಬ್ಯಾಂಕಾಕ್ ಎಲ್ಲಾ ನೋಡಿ ಬಂದಾನ. ಇವ ಹೂಂ ಅಂದ್ರ ಆ ಬ್ಯಾಗ ತೊಗೊಂತೀನಿ," ಅಂದಳು. ಅಂಗಡಿಯವ ನನ್ನ ಕಡೆ ಮರ್ಯಾದೆಯಿಂದ ನೋಡಿದ. ನಾನು ಗಾಲಿ ತಿರುಗಿಸಿ ನೋಡಿ ಹೂಂ ಅಂದೆ. ಪಕ್ಕದ ಅಂಗಡಿಯಲ್ಲಿ ನನಗೊಂದು ಜೀನ್ಸಿನ ಅರ್ಧ ಚಡ್ಡಿಯನ್ನೂ ಕೊಂಡೆ. ಪರದೇಶದಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ ಅಂತ ಇಬ್ಬರಿಗೂ ತಿಳಿಸಿ ಹೇಳಿದೆ.

ಬ್ಯಾಂಕಾಕಿನಲ್ಲಿ ಮೊದಲ ಬೆಳಿಗ್ಗೆ ಮತ್ತೆ ಅದೇ ಬಗೆಯ ರಸ್ತೆ, ಅದೇ ಗಾಡಿಗಳ ಸಾಲು. ನಾನು ದಂಡೆಯಲ್ಲೇ ನಿಂತುಬಿಟ್ಟೆ.

"ಯಾಕೋ ತಮ್ಮಾ, ನಿನ್ನ ಊರು ನಿನಗ ಗುರ್ತು ಹತ್ತವಲ್ದೇನು?" ಅಂದಳು ಚಿಗವ್ವ.

"ಆರು ವರ್ಷದಾಗ ಎಲ್ಲಾ ಬದಲಾಗೈತಿ ಚಿಗವ್ವ."

"ರಸ್ತಾ ದಾಟೋದೂ ಬದಲಾತೇನು?"

ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಸಣ್ಣವನಿದ್ದಾಗ ಸಾಲೆಗೆ ಹೋಗುವಾಗ ಕಾಲುವೆಯ ಮೇಲಿನ ಹಲಗೆ ದಾಟಿಸಲು ಹೀಗೇ ಹಿಡಿಯುತ್ತಿದ್ದಳು. ನಮ್ಮ ಪಕ್ಕದಲ್ಲಿ ಕಾಯಿಪಲ್ಲೆಯ ಚೀಲ ಹಿಡಿದ ಅಲ್ಲಿಯ ಮುದುಕಿ ಒಬ್ಬಳು ನಿಂತಿದ್ದಳು. "ಆ ಅಜ್ಜಿ ನಿಂತ್ರ ನಿಲ್ಲೂದು, ನಡದ್ರ ನಡಿಯೂದು," ಅಂದಳು ಅಕ್ಕ. ಮುದುಕಿ ನಡೆದಳು. ನಾವು ಮೂವರೂ ಅವಳ ಬೆನ್ನಿಗೆ. ಆ ಕಡೆ ಮುಟ್ಟಿದ ಮೇಲೆ ಮುದುಕಿ ತಿರುಗಿ ನೋಡಿ, ಎರಡು ಕೈ ಜೋಡಿಸಿ ನಕ್ಕಳು. ಅಕ್ಕನೂ ಕೈ ಮುಗಿದಳು. ಅಷ್ಟೇ. ಮೂರು ದಿನ ನಾನು ಕಿಟಕಿಯಿಂದ ನೋಡಿ ಹೆದರಿದ್ದಂಥ ರಸ್ತೆ ಎರಡು ನಿಮಿಷದ್ದು. ಈಗ ಯಾರು ಸಲಹೆ ಕೇಳಿದರೂ ಇದನ್ನೇ ಮೊದಲು ಹೇಳುತ್ತೇನೆ. ದಾಟುವಾಗ ಗಾಡಿಗಳನ್ನು ನೋಡಬೇಡಿ, ಆ ಊರಿನ ಅಜ್ಜಿಯನ್ನು ನೋಡಿ.

ಮುಂದಿನದೆಲ್ಲ ಚಿಗವ್ವನ ಕೈಗೆ ಹೋಯಿತು. ನಮ್ಮ ಬಳ್ಳಾರಿ ಕಡೆ ಎದುರಿಗಿರುವವನಿಗೆ ಕನ್ನಡ ಬರದಿದ್ದರೆ ತೆಲುಗು ಆಡುತ್ತೇವೆ, ಅದೂ ಬರದಿದ್ದರೆ ಉರ್ದು. ನಾಲ್ಕನೆಯದು ಬೇಕಾಗುವುದೇ ಇಲ್ಲ. ಚಿಗವ್ವ ಅಲ್ಲಿಯೂ ಅದನ್ನೇ ಮಾಡಿದಳು. ಬೆಲೆ ಕೇಳಲು ತಳ್ಳುಗಾಡಿಯ ಹೆಂಗಸಿಗೆ, "ಎಂತಮ್ಮಾ ಇದಿ?" ಅಂದಳು. ಹೆಂಗಸು ಕಣ್ಣು ಬಿಟ್ಟಳು. "ಕಿತ್ನಾ?" ಅಂದಳು ಚಿಗವ್ವ. ಹೆಂಗಸು ಲೆಕ್ಕದ ಮಿಷನ್ನಿನಲ್ಲಿ ಅಂಕಿ ಒತ್ತಿ ತೋರಿಸಿದಳು. "ನೋಡು, ಉರ್ದು ಬರ್ತೈತಿ ಇವರಿಗೆ," ಅಂದಳು ಚಿಗವ್ವ.

ಆ ತಳ್ಳುಗಾಡಿಯಲ್ಲಿ ಚಹಾಕ್ಕೆ ಬರ್ಫ ಹಾಕಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟರು. ಪಾರ್ಸಲ್ಲು ನಮ್ಮಲ್ಲಿಯೂ ಹಾಗೇ ಕಟ್ಟುತ್ತಾರೆ, ಆದರೆ ಅಲ್ಲಿ ಅದಕ್ಕೊಂದು ನಳಿಗೆ ಚುಚ್ಚಿ ನಡೆಯುತ್ತಲೇ ಕುಡಿಯುತ್ತಾರೆ. ಅಕ್ಕ ಮಾಂಸ ತಿನ್ನುವುದಿಲ್ಲ. ಕೆಂಪು ಅಕ್ಷರದ ಹಳದಿ ಬಾವುಟ ಕಟ್ಟಿದ ಅಂಗಡಿಯಲ್ಲಿ ಮಾಂಸವಿಲ್ಲದ ಊಟ ಸಿಗುತ್ತದೆ ಎಂದು ಹೋಟೆಲಿನ ಹುಡುಗಿ ಹೇಳಿದ್ದಳು. ಹುಡುಕಿದರೆ ಓಣಿಗೊಂದು ಸಿಕ್ಕಿತು. ಅಂಟಿನ ಅನ್ನ ಬೆರಳಿನಲ್ಲಿ ಉಂಡೆ ಕಟ್ಟಿ ನೋಡಿ ಚಿಗವ್ವ, "ಸಿರುಗುಪ್ಪದ ಸೋನಾ ಮಸೂರಿ ಮುಂದ ಇದೇನಲ್ಲ, ಆದ್ರ ಮಿರ್ಚಿ ಸಂಗಟ ನಡೀತೈತಿ," ಅಂತ ತೀರ್ಪು ಕೊಟ್ಟಳು. ನಾನು ಹೊತ್ತು ತಂದಿದ್ದ ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ.

ಇಷ್ಟು ಖುಷಿಯ ನಡುವೆ ನನ್ನ ಎದೆಯಲ್ಲಿ ಆ ಪಾದ. ಅಕ್ಕ ಅದನ್ನು ನೋಡುವ ಹೊತ್ತು ಹತ್ತಿರ ಬರುತ್ತಿತ್ತು. ಒಡೆದಿವೆಯೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಒಡೆದಿರಲಪ್ಪಾ ಅಂತ ಬುದ್ಧನನ್ನೇ ಬೇಡಿಕೊಳ್ಳುತ್ತಿದ್ದೆ.

ಎರಡನೇ ದಿನ ನದಿಯ ದೋಣಿ ಹತ್ತಿದೆವು. ಬಾವುಟದ ಬಣ್ಣ ನೋಡಿ ದೋಣಿ ಹತ್ತಬೇಕು, ಒಂದೊಂದು ಬಣ್ಣದ್ದು ಒಂದೊಂದು ಕಡೆ ನಿಲ್ಲುತ್ತದೆ. ಅಕ್ಷರ ಬರದವರಿಗೆ ಅದಕ್ಕಿಂತ ಸುಲಭ ಇಲ್ಲ. ನೀರಿನ ತುಂತುರು ಮುಖಕ್ಕೆ ಹೊಡೆದಾಗ ಅಕ್ಕ ಸಣ್ಣ ಹುಡುಗಿಯ ಹಾಗೆ ಕಿರುಚಿದಳು.

ದೋಣಿ ಇಳಿದು ದೇವಸ್ಥಾನದ ಕಡೆ ನಡೆಯುವಾಗ ಚೆಂದ ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಎದುರಾದ. ಹರಕು ಹಿಂದಿಯಲ್ಲಿ, ದೇವಸ್ಥಾನ ಇವತ್ತು ಬಂದ್, ಬನ್ನಿ ಆಟೋದಲ್ಲಿ ಬೇರೆ ಕಡೆ ತೋರಿಸುತ್ತೇನೆ, ಅಂದ. ನನಗೆ ಹೋದ ಜೀವ ಬಂದ ಹಾಗಾಯಿತು.

"ಬಂದ್ ಐತಂತಕ್ಕಾ! ಏನು ಮಾಡೋದು, ನಮ್ಮ ನಸೀಬು. ನಡೀರಿ ಹೋಗೂಣು."

"ಇವನ ನಗು ನೋಡು," ಅಂದಳು ಚಿಗವ್ವ. "ಮೊನ್ನಿ ಎಣ್ಣಿ ಇವತ್ತಿಂದು ಅಂತ ಮಾರಾಕ ಬರ್ತಾನಲ್ಲಾ, ಅವನಂಗ ನಗತಾನ."

ಅಕ್ಕ ನಿಲ್ಲಲಿಲ್ಲ. "ಬಾಗಲಾ ಹಾಕಿದ್ರ ಹಾಕಿದ ಬಾಗಲಾನ ನೋಡಿ ಬರೂಣು. ಅಷ್ಟು ದೂರದಿಂದ ಬಂದೀವಿ."

ಬಾಗಿಲು ತೆರೆದೇ ಇತ್ತು. ಇದನ್ನೂ ನೆನಪಿಡಿ. ಬಂದ್ ಅಂತ ದಾರಿಯಲ್ಲಿ ಹೇಳುವವನ ಮಾತು ಕೇಳಬೇಡಿ, ಬಾಗಿಲಿನ ತನಕ ಹೋಗಿ.

ಬಾಗಿಲಲ್ಲಿ ಸೀರೆ ಉಟ್ಟ ಇಬ್ಬರನ್ನೂ ಒಳಗೆ ಬಿಟ್ಟರು. ನನ್ನನ್ನು ತಡೆದರು. ಮೊಣಕಾಲು ಕಾಣುತ್ತಿದ್ದವು. ಬೆಂಗಳೂರು ರೋಡಿನ ಅರ್ಧ ಚಡ್ಡಿ! ಅಲ್ಲಿದ್ದ ಹೆಂಗಸು ಗುಲಾಬಿ ಹೂವಿನ ಬಟ್ಟೆಯೊಂದನ್ನು ಕೊಟ್ಟು ಸೊಂಟಕ್ಕೆ ಸುತ್ತಿಕೋ ಎಂದು ಸನ್ನೆ ಮಾಡಿದಳು. ಸುತ್ತಿಕೊಂಡೆ. ಚಿಗವ್ವ ನಕ್ಕು ನಕ್ಕು ಅಲ್ಲೇ ಕೂತಳು.

"ಎಲ್ಲಾರೂ ಇದನ್ನಾ ಹಾಕ್ತಾರ ಅಂದ್ಯಲ್ಲೋ ತಮ್ಮಾ! ಮೊದಲನೇ ಸಲ ಬಂದಾಗೂ ಹಿಂಗಾ ಹೂವಿನ ಪರಕಾರ ಉಟ್ಟಿದ್ದೇನು?"

ಅಕ್ಕನೂ ನಕ್ಕಳು. ಆದರೆ ನಡುವೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ಅನುಮಾನದ ಆ ನೋಟ ನನಗೆ ತಿಳಿಯಿತು.

ಚಪ್ಪಲಿ ಚೀಲದಲ್ಲಿ ಹಾಕಿಕೊಂಡು ಒಳಗೆ ಹೋದೆವು. ಬಾಗಿಲು ತಲೆಯ ಕಡೆ ಇದೆ. ಮೊದಲು ಕಾಣುವುದು ಮುಖ. ಕ್ಯಾಲೆಂಡರಿನ ಅದೇ ಮುಖ, ಆದರೆ ಅದರ ಕೆಳಗೆ ನಾವು ಮೂವರೂ ಬೆರಳಷ್ಟು. ಅಕ್ಕ ಬಾಯಿ ತೆರೆದು ನಿಂತುಬಿಟ್ಟಳು. ಅಲ್ಲಿಂದ ಮೈಯುದ್ದಕ್ಕೂ ನಡೆಯುತ್ತಾ ಪಾದದ ಕಡೆ ಹೋಗಬೇಕು. ಭುಜ ಬಂತು, ಎದೆ ಬಂತು, ಸೊಂಟ ಬಂತು. ಕ್ಯಾಲೆಂಡರು ಮುಗಿಯುವ ಮೊಣಕಾಲು ಬಂತು. ಅಕ್ಕ ಬೇಗ ಬೇಗ ನಡೆಯತೊಡಗಿದಳು. ನನ್ನ ಹೂವಿನ ಬಟ್ಟೆ ಕಾಲಿಗೆ ತೊಡರುತ್ತಿತ್ತು.

ಪಾದಗಳು ಎರಡಾಳು ಎತ್ತರ ಇದ್ದವು. ಅಂಗಾಲು ಹಲಗೆಯ ಹಾಗೆ ಸಪಾಟು, ಕರಿ ಬಣ್ಣ, ಅದರ ತುಂಬ ಚಿಪ್ಪಿನಲ್ಲಿ ಕೆತ್ತಿ ಕೂರಿಸಿದ ಆನೆ, ಹೂ, ಚಕ್ರ, ಒಂದೊಂದು ಚೌಕದಲ್ಲಿ ಒಂದೊಂದು. ಬೆಳಕು ಬಿದ್ದ ಕಡೆ ಬೆಳ್ಳಿ, ಅತ್ತ ಸರಿದರೆ ತಿಳಿ ಹಸಿರು. ಐದೂ ಬೆರಳು ಒಂದೇ ಉದ್ದ. ಒಂದು ಬಿರುಕಿಲ್ಲ.

ಅಕ್ಕ ಬಹಳ ಹೊತ್ತು ನೋಡಿದಳು.

"ಒಡದಿಲ್ಲಲ್ಲೋ," ಅಂದಳು ಮೆಲ್ಲಗೆ.

"ಇಲ್ಲಕ್ಕಾ."

"ಆವಾಗ ಒಡದಿದ್ವೇನು?"

ಹೂಂ ಅಂದಿದ್ದರೆ ನಂಬುತ್ತಿದ್ದಳೋ ಏನೋ. ರಿಪೇರಿ ಮಾಡಿಸಿರಬೇಕು ಅಂತ ಬಾಯಿಯ ತುದಿಗೆ ಬಂದಿತ್ತು. ಆದರೆ ಎದುರಿಗೆ ಆ ಪಾದ, ಪಕ್ಕದಲ್ಲಿ ಇವಳು. "ನಾನು ನೋಡೇ ಇಲ್ಲಕ್ಕಾ," ಅಂದೆ. "ಇಲ್ಲಿಗೆ ಬಂದೇ ಇಲ್ಲ. ಮೂರು ದಿನ ರೂಮಿನಾಗ ಇದ್ದೆ. ರಸ್ತಾ ದಾಟಾಕ ಹೆದರಿಕಿ ಆತು. ನಮ್ಮವ್ವನ ಕಾಲು ನೆನಪಾತು, ಅದನ್ನ ಹೇಳಿದೆ."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ನನಗ ಹೇಳಿದ್ದಕ್ಕಲ್ಲಲೇ," ಅಂದಳು ಅಕ್ಕ. "ನೀ ಹೆದರಿದ್ದು ಹೇಳಿದ್ರ ನಾ ನಗತಿದ್ದೆ, ಮುಗೀತಿತ್ತು. ನಿನ್ನ ಸುಳ್ಳು ನನ್ನ ಬಾಯಿಲೆ ಮಕ್ಕಳಿಗೆ ಹೇಳಿಸಿದಿ. ಆರು ವರ್ಷ. ಒಂದನೇ ವರ್ಷದವು ಈಗ ದೊಡ್ಡ ಸಾಲಿಗೆ ಹೋಗ್ತಾವ."

ಜನ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು. ಬೆನ್ನಿನ ಕಡೆಯಿಂದ ಟಿಣ್ ಟಿಣ್ ಎಂಬ ಸದ್ದು ನಿಲ್ಲದೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಚಿಗವ್ವ ತಾಳಲಾರದೆ, "ಅದೇನು ಸಪ್ಪಳ ನೋಡಿ ಬರ್ತೀನಿ," ಅಂತ ಎದ್ದು ಹೋದಳು. ಬರುವಾಗ ಅವಳ ಕೈಯಲ್ಲಿ ಸಣ್ಣ ಬಟ್ಟಲು, ಅದರ ತುಂಬ ಪುಟ್ಟ ಪುಟ್ಟ ನಾಣ್ಯ.

"ಆ ಕಡಿ ಗ್ವಾಡಿಗುಂಟ ಕಂಚಿನ ಕೊಡ ಇಟ್ಟಾರ, ನೂರಾ ಎಂಟು ಅಂತ. ಒಂದೊಂದರಾಗ ಒಂದೊಂದು ರೊಕ್ಕ ಹಾಕ್ಕೊಂತ ಹೋಗಬೇಕಂತ. ಮನಸಿನ ಭಾರ ಹೋಗ್ತೈತಂತ."

"ನಿನಗ ಯಾರು ಹೇಳಿದ್ರು?" ಅಂದೆ.

"ಉರ್ದುದಾಗ ಕೇಳಿದೆ."

ಅಕ್ಕನ ತುಟಿ ಅಲುಗಿತು. ಎದ್ದಳು. ಬಟ್ಟಲು ತೆಗೆದು ನನ್ನ ಕೈಗೆ ಇಟ್ಟಳು. "ಒಂದು ಸುಳ್ಳಿಗೆ ಒಂದು ರೊಕ್ಕ. ಯಾರಿಗೆ ಏನು ಹೇಳಿದಿ, ಬಾಯಿಬಿಟ್ಟು ಹೇಳ್ಕೊಂತ ಹಾಕು. ನಾ ಹಿಂದ ಬರ್ತೀನಿ."

ಹಾಕುತ್ತ ಹೋದೆ. ಮೊದಲನೆಯದು ಪಾದದ್ದು. ಎರಡನೆಯದು ತೆಕ್ಕಲಕೋಟೆಯ ಮದುಮಕ್ಕಳದು. ಮೂರನೆಯದು ಗಲ್ಲೆಯ ಹಿಂದಿನ ಫೋಟೋ. ನಾಲ್ಕನೆಯದು ಮೋಕದ ಒಬ್ಬ ರೈತನಿಗೆ ಅಲ್ಲಿಯ ನೀರು ಉಪ್ಪು ಅಂತ ಹೇಳಿ ಹತ್ತು ಬಾಟಲಿ ಹೊರಿಸಿ ಕಳಿಸಿದ್ದು. ಐದನೆಯದು ಕಾಲುವೆಯ ದಂಡೆ. ಹಿಂದಿನಿಂದ ಚಿಗವ್ವ, "ಕಾಲುವಿ ಹಿಡದು ನಡೀರಿ ಅಂದ್ಯಾ? ಯಾವನಾರ ಸಮುದ್ರಕ್ಕ ಹೋಗಿ ಬಿದ್ದಾನ ವಿಚಾರಿಸಿದೇನು?" ಅಂದಳು. ಇಪ್ಪತ್ತು ದಾಟುವಷ್ಟರಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮೂವತ್ತರ ಹೊತ್ತಿಗೆ ಒತ್ತಿಕೊಳ್ಳುವುದನ್ನೂ ಬಿಟ್ಟಳು. ನಲವತ್ತರ ಸುಮಾರಿಗೆ ನನ್ನ ಸುಳ್ಳು ಮುಗಿದವು.

"ಇಷ್ಟೇನಾ?" ಅಂದಳು ಚಿಗವ್ವ, ಬೇಸರದಿಂದ.

"ಉಳದಿದ್ದು ಕೊಡಿಲ್ಲೆ," ಅಂತ ಅಕ್ಕ ಬಟ್ಟಲು ಕಿತ್ತುಕೊಂಡು ಒಂದು ಹಿಡಿ ಚಿಗವ್ವನಿಗೆ ಕೊಟ್ಟಳು. ಇಬ್ಬರೂ ಪೈಪೋಟಿಗೆ ಬಿದ್ದವರ ಹಾಗೆ ಕೊನೆಯ ಕೊಡದ ತನಕ ಟಿಣ್ ಟಿಣ್ ಅನ್ನಿಸುತ್ತ ಹೋದರು. ಆ ಸದ್ದು ನನಗೆ ಈಗಲೂ ಕೇಳುತ್ತದೆ.

ಹೊರಗೆ ಬರುವ ಮೊದಲು ಅಕ್ಕ ಮತ್ತೆ ಪಾದದ ಹತ್ತಿರ ಹೋದಳು. ನನ್ನನ್ನೂ ಚಿಗವ್ವನನ್ನೂ ಅಲ್ಲಿ ನಿಲ್ಲಿಸಿ ಮೊಬೈಲು ತೆಗೆದಳು. "ನೀನೂ ಬಾ ಅಕ್ಕಾ," ಅಂದೆ. "ನೀ ನಿಲ್ಲು ಸುಮ್ನ. ನೀ ಬಂದಿದ್ದಕ್ಕ ಸಾಕ್ಷಿ ಬೇಕು," ಅಂದಳು.

ಶಿಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಜೂನಿನಲ್ಲಿ ಅಂಗನವಾಡಿ ಶುರುವಾದ ವಾರ ಕುರುಗೋಡಿಗೆ ಬರಬೇಕು ಎಂದು ಹುಕುಂ ಆಯಿತು. ಹೋದೆ. ಗುಡ್ಡದ ಬದಿಯ ಓಣಿಯಲ್ಲಿ ಎರಡು ಕೋಣೆಯ ಅಂಗನವಾಡಿ. ಇಪ್ಪತ್ತು ಮಕ್ಕಳು ಚಾಪೆಯ ಮೇಲೆ, ಹಿಂದೆ ಬಾಗಿಲಲ್ಲಿ ತಾಯಂದಿರು. ದೊಡ್ಡ ಸಾಲೆಗೆ ಹೋದ ಹಳೆಯ ಮಕ್ಕಳನ್ನೂ ಅಕ್ಕ ಕರೆಸಿದ್ದಳು. ನಾನು ಅವರ ಮುಂದೆ ನೆಲದ ಮೇಲೆ ಕೂತು, ಸುಳ್ಳು ಹೇಳಿದವನು ನಾನು, ನಿಮ್ಮ ಟೀಚರ್ ಅಲ್ಲ, ಬುದ್ಧನ ಅಂಗಾಲು ಒಡೆದಿಲ್ಲ, ಮುತ್ತಿನಂತೆ ಹೊಳೆಯುತ್ತವೆ, ಅಂತ ಹೇಳಿದೆ. ಹೇಳುವಾಗ ಒಂದನೇ ಕ್ಲಾಸಿನ ಹಲಗೆ ನೆನಪಾಯಿತು. ಆದರೆ ಈ ಸಲ ಎದ್ದು ಓಡಲಿಲ್ಲ.

ಒಂದು ಹುಡುಗಿ ಕೈ ಎತ್ತಿದಳು.

"ವಿಮಾನದಾಗ ಉಪ್ಪಿಟ್ಟು ಕೊಡ್ತಾರೇನ್ರೀ?"

ಅಲ್ಲಿಂದ ಅರ್ಧ ತಾಸು ಉಪ್ಪಿಟ್ಟು, ಕಿಟಕಿ, ವಿಮಾನದೊಳಗಿನ ಪಾಯಖಾನೆ, ಇಷ್ಟೇ. ಪಾದದ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಾಯಿಯೊಬ್ಬಳು ಮಾತ್ರ ಕೇಳಿದಳು. "ಹಂಗಾರ ನಮ್ಮ ಕಾಲಿನಂಗ ಇಲ್ಲನ್ರೀ?"

ನಾನು ಅಕ್ಕನ ಕಡೆ ನೋಡಿದೆ. "ಕಲ್ಲು, ಗಾರಿ, ಚಿಪ್ಪು ಹಚ್ಚಿ ಅಲ್ಲಿಯವರು ಮಾಡಿದ ಪಾದ ಹೊಳೀತಾವ," ಅಂದಳು ಅಕ್ಕ. "ನಡದಾಡಿದವನ ಪಾದ ಯಾರು ನೋಡ್ಯಾರ? ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತನಾ ಇನ್ನ ಮ್ಯಾಲ ಹೇಳ್ತೀನಿ."

ನನ್ನ ಸಲಹೆ ಕೇಳಿಕೊಂಡು ಹೋದವರಿಗೆಲ್ಲ ಇದನ್ನು ಬರೆದು ತಿಳಿಸಬೇಕು ಅಂತ ಅಕ್ಕ ಅವತ್ತೇ ಇನ್ನೊಂದು ಹುಕುಂ ಮಾಡಿದಳು. ಈಗ ನನ್ನ ಅಂಗಡಿಗೆ ಸಲಹೆ ಕೇಳಲು ಬಂದವರಿಗೆ ಕಂಡದ್ದನ್ನಷ್ಟೇ ಹೇಳುತ್ತೇನೆ. ಹೋಟೆಲಿನ ಚೀಟಿಯನ್ನು ಅಲ್ಲಿಯ ಅಕ್ಷರದಲ್ಲಿ ಬರೆಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಬಿಚ್ಚಿ ಹಾಕಲು ಸುಲಭದ ಚಪ್ಪಲಿ ಹಾಕಿಕೊಳ್ಳಿ. ಲುಂಗಿಯೋ ಪೂರ್ತಿ ಪ್ಯಾಂಟೋ ಉಟ್ಟು ಹೋಗಿ, ಅರ್ಧ ಚಡ್ಡಿ ಬೇಡ. ತೆಲುಗು ಆಡಿ ನೋಡಿ, ನಾಚಿಕೆ ಪಡಬೇಡಿ, ಆಮೇಲೆ ಉರ್ದು. ಹೆದ್ದಾರಿ ಸೇತುವೆಯ ಬಗ್ಗೆ, ಸಮುದ್ರದ ಬಗ್ಗೆ ಯಾರಾದರೂ ಕೇಳಿದರೆ ನಾನು ನೋಡಿಲ್ಲ ಅನ್ನುತ್ತೇನೆ. ಹಾಗೆ ಅನ್ನುವುದು ಇಷ್ಟು ಹಗುರ ಎಂದು ಮೊದಲೇ ಗೊತ್ತಿದ್ದರೆ! ತೆಕ್ಕಲಕೋಟೆಯ ಆ ಗಂಡ-ಹೆಂಡತಿಯ ಮನೆಗೂ ಹೋಗಿ ತಪ್ಪು ಒಪ್ಪಿಕೊಂಡು ಬಂದೆ. ಹೆಂಡತಿ ಗಂಡನ ಕಡೆ ತಿರುಗಿ, "ನಾ ಅವತ್ತಾ ಹೇಳಿದ್ನಿಲ್ಲೋ, ಹೊರಗ ಹೋಗೂಣು ಅಂತ?" ಅಂದಳು. ಈಗ ಮತ್ತೊಮ್ಮೆ ಹೋಗಲು ತಯಾರಿ ನಡೆಸಿದ್ದಾರೆ.

ಗಲ್ಲೆಯ ಹಿಂದಿನ ನಲವತ್ತು ಜನರ ಫೋಟೋ ಇಳಿಸಿದೆ. ಅದೇ ಮೊಳೆಗೆ ಈಗ ಬೇರೆಯದು. ಹೊಳೆಯುವ ದೊಡ್ಡ ಪಾದದ ಮುಂದೆ ಗುಲಾಬಿ ಹೂವಿನ ಬಟ್ಟೆ ಸುತ್ತಿಕೊಂಡ ನಾನು, ಪಕ್ಕದಲ್ಲಿ ನಗುವಿನ ನಡುವೆ ಕಣ್ಣು ಮುಚ್ಚಿದ ಚಿಗವ್ವ. ಮೇಲಿನ ಮೂಲೆಯಲ್ಲಿ ಮಸುಕಾಗಿ ಒಂದು ಬೆರಳು ಅಡ್ಡ ಬಂದಿದೆ. ರೈತರು ಬೀಜ ತೆಗೆದುಕೊಳ್ಳುವಾಗ ನನ್ನ ಉಡುಪು ನೋಡಿ ನಗುತ್ತಾರೆ. ಆಮೇಲೆ ಯಾರಾದರೂ ಕೇಳುತ್ತಾರೆ.

"ಇದರಾಗ ನಿಮ್ಮಕ್ಕ ಎಲ್ಲಿ ಅದಾಳಣ್ಣಾ?"

"ಫೋಟೋ ತೆಗದಾಕಿನಾ ನಮ್ಮಕ್ಕ," ಅನ್ನುತ್ತೇನೆ, ಮೂಲೆಯ ಬೆರಳು ತೋರಿಸಿ.